ಡಾ ನಾಂಗ್: ಅಗ್ಗ ಯಾರಿಗೆ, ಊರು ಯಾರದ್ದು?

ಕಾಲು ಶತಮಾನದ ಹಿಂದಿನವರೆಗೂ ವಿಯೆಟ್ನಾಂನ ಡಾ ನಾಂಗ್ ನಗರದಲ್ಲಿ ಒಂದು ಕುಹಕದ ಮಾತು ಓಡಾಡುತ್ತಿತ್ತು: ‘ಮೂರನೇ ವಾರ್ಡಿನ ಹುಡುಗಿಗಿಂತ ಒಂದನೇ ವಾರ್ಡಿನ ಮುದುಕಿಯೇ ವಾಸಿ.’ ಹಾನ್ ನದಿಯ ಪಶ್ಚಿಮ ದಂಡೆಯ ಒಂದನೇ ವಾರ್ಡೆಂದರೆ ಫ್ರೆಂಚರು ಕಟ್ಟಿಸಿದ ಕಚೇರಿಗಳು, ಸಂತೆ, ಬೀದಿದೀಪ. ಪೂರ್ವ ದಂಡೆಯ ಮೂರನೆಯದೆಂದರೆ ಮರಳು, ಬೆಸ್ತರ ಕೇರಿ, ಅಮೆರಿಕದ ಸೈನ್ಯ ಬಿಟ್ಟುಹೋದ ಬಯಲು. ನದಿಯಂಚಿನ ನೀರಿನಲ್ಲೇ ಕಂಬ ನೆಟ್ಟು, ಮೇಲೆ ತಗಡು ಹೊದಿಸಿಕೊಂಡು ನೂರಾರು ಕುಟುಂಬಗಳು ಬದುಕುತ್ತಿದ್ದವು. ಅಲ್ಲಿಂದ ಪೇಟೆಗೆ ಬರಬೇಕೆಂದರೆ ದೋಣಿ ಹತ್ತಬೇಕು, ಇಲ್ಲವೇ ದಕ್ಷಿಣಕ್ಕೆ ಸುತ್ತಿ ಯುದ್ಧಕಾಲದ ಹಳೇ ಸೇತುವೆ ದಾಟಬೇಕು. ಹೆಣ್ಣು ಕೊಡುವವರೂ ತರುವವರೂ ನದಿಯನ್ನು ನೋಡಿಯೇ ಮಾತಾಡುತ್ತಿದ್ದರು.

2000ದಲ್ಲಿ ಹಾನ್ ನದಿ ಸೇತುವೆ ಬಂತು. ಊರಿನ ಜನ ತಮ್ಮ ಕೈಯಿಂದಲೂ ಹಣ ಹಾಕಿದ ಸೇತುವೆ ಅದು. ಹಡಗುಗಳಿಗೆ ದಾರಿ ಬಿಡಲು ನಡುಭಾಗ ಹೊರಳುವಂತೆ ದೇಶದ ಎಂಜಿನಿಯರುಗಳೇ ಅದನ್ನು ರೂಪಿಸಿದರು. 2009ರಲ್ಲಿ ನದಿಮುಖದ ತೂಗುಸೇತುವೆ, 2013ರಲ್ಲಿ ವಾರಾಂತ್ಯದ ರಾತ್ರಿ ಬೆಂಕಿ ಉಗುಳುವ ಡ್ರ್ಯಾಗನ್ ಸೇತುವೆ. ಮೂರನೇ ವಾರ್ಡಿನ ಮರಳು ಕಡಲ ಬದಿಗೆ ಮುಗಿಯುವಲ್ಲಿ ಮೀ ಖೆ ತೀರವಿದೆ. ಇವತ್ತು ಅಲ್ಲಿ ಸಾಲು ಸಾಲು ಹೋಟೆಲು, ಫ್ಲಾಟು. ನೆಲದ ಬೆಲೆಯ ಮಾತು ಬಂದರೆ ಮೂರನೇ ವಾರ್ಡಿನ ಹುಡುಗಿಯನ್ನು ಈಗ ಯಾರೂ ಹೀಗಳೆಯುವುದಿಲ್ಲ.

ಈ ಫ್ಲಾಟುಗಳಲ್ಲಿ ಈಗ ಕೊರಿಯನ್ನರಿದ್ದಾರೆ, ರಷ್ಯನ್ನರಿದ್ದಾರೆ, ಲ್ಯಾಪ್‌ಟಾಪ್ ಹಿಡಿದು ಯುರೋಪಿನ ಕಂಪನಿಗೆ ದುಡಿಯುವವರಿದ್ದಾರೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರೂ ‘ಒಂದೆರಡು ವರ್ಷ ಅಲ್ಲಿದ್ದರೆ ಹೇಗೆ’ ಎಂದು ಲೆಕ್ಕ ಹಾಕುವುದುಂಟು. ಸಾಮಾನ್ಯವಾಗಿ ಈ ಲೆಕ್ಕವನ್ನು ಎರಡು ಪಟ್ಟಿಯಾಗಿ ಬರೆಯುತ್ತಾರೆ. ಒಂದು ಕಡೆ ಕಡಲು, ಅಗ್ಗದ ಊಟ, ಚೊಕ್ಕಟ ರಸ್ತೆ. ಇನ್ನೊಂದು ಕಡೆ ವೀಸಾ, ಭಾಷೆ, ಬಿರುಗಾಳಿ. ಡಾ ನಾಂಗ್ ಮಟ್ಟಿಗೆ ಈ ವಿಂಗಡಣೆ ಕೈಕೊಡುತ್ತದೆ. ಅಲ್ಲಿನ ಹಿತ ಮತ್ತು ಅಹಿತ ಎರಡನ್ನೂ ಬಹುಪಾಲು ಬರೆದದ್ದು ಒಂದೇ ಕೈ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವ ಅವಕಾಶ ಪರದೇಶಿಗೆ ಸ್ವಲ್ಪ ಇದೆ, ಅಲ್ಲೇ ಹುಟ್ಟಿದವನಿಗೆ ಇಲ್ಲ.

ಹಿತವನ್ನು ಮೊದಲು ನೋಡಬೇಕು, ಏಕೆಂದರೆ ಅದು ಸುಳ್ಳಲ್ಲ. ಬೆಳಗಿನ ಐದಕ್ಕೆ ಮೀ ಖೆಗೆ ಹೋದರೆ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಬೇಕು. ಅರವತ್ತು ದಾಟಿದ ಹೆಂಗಸರು ಎದೆಮಟ್ಟದ ನೀರಿನಲ್ಲಿ ಗುಂಪುಗೂಡಿ ನಿಂತು ಹರಟುತ್ತಿರುತ್ತಾರೆ. ಗಂಡಸರು ಮರಳಲ್ಲಿ ಕಾಲ್ಚೆಂಡಾಡುತ್ತಾರೆ. ನಮ್ಮ ಹರಿಗೋಲಿನ ಹಾಗೆ ದುಂಡಗಿರುವ ಬಿದಿರ ದೋಣಿಗಳಲ್ಲಿ ರಾತ್ರಿ ಹೋದವರು ಸಣ್ಣ ಮೀನು, ಏಡಿ ತಂದು ದಂಡೆಯಲ್ಲೇ ಸುರಿಯುತ್ತಾರೆ. ಬುಟ್ಟಿ ಹಿಡಿದ ಹೆಂಗಸರು ಅಲ್ಲೇ ಚೌಕಾಸಿ ಮಾಡುತ್ತಾರೆ. ಏಳು ಗಂಟೆಗೆ ಎಲ್ಲ ಖಾಲಿ. ಬಿಸಿಲೇರಿದ ಮೇಲೆ ನೀರಿಗಿಳಿಯುವವರು ಪ್ರವಾಸಿಗಳು ಮಾತ್ರ. ಸಂಜೆ ಮತ್ತೆ ಊರೇ ನೆರೆಯುತ್ತದೆ. ತೀರಕ್ಕೆ ಟಿಕೆಟ್ ಇಲ್ಲ, ಜೀವರಕ್ಷಕರಿದ್ದಾರೆ, ಮರಳಲ್ಲಿ ಪ್ಲಾಸ್ಟಿಕ್ ರಾಶಿ ಇಲ್ಲ. ಲಕ್ಷಾಂತರ ಜನರ ನಗರವೊಂದು ತನ್ನ ಕಡಲನ್ನು ದಿನಕ್ಕೆರಡು ಸಲ ಹೀಗೆ ಬಳಸುವುದನ್ನು ನೋಡಿದ ಕರಾವಳಿಯವರಿಗೆ ಸ್ವಲ್ಪ ಹೊಟ್ಟೆಕಿಚ್ಚಾದರೆ ಅದು ಸಹಜ.

ಅಳತೆಯೂ ಮನುಷ್ಯನಿಗೆ ಒಗ್ಗುವಂಥದು. ವಿಮಾನ ನಿಲ್ದಾಣ ಊರಿನ ಹೊಟ್ಟೆಯಲ್ಲೇ ಇದೆ. ಅಲ್ಲಿಂದ ಕಡಲಿಗೆ ಹದಿನೈದು ನಿಮಿಷ. ಉತ್ತರಕ್ಕೆ ಹೈ ವಾನ್ ಘಾಟಿ ದಾಟಿದರೆ ಹಳೇ ರಾಜಧಾನಿ ಹುಯೆ, ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರಿನಲ್ಲಿ ಹೋಯ್ ಆನ್. ಪಕ್ಕದ ಸೊನ್ ಟ್ರಾ ಗುಡ್ಡದ ಕಾಡಿನಲ್ಲಿ ಕೆಂಪು ಕಾಲಿನ ಅಪರೂಪದ ಲಂಗೂರ್ ಕೋತಿಗಳಿವೆ. ಚಳಿಗಾಲದಲ್ಲಿ ಹನೋಯ್ ಹೊಗೆಯಲ್ಲಿ ಕೆಮ್ಮುವಾಗ ಇಲ್ಲಿ ಕಡಲ ಗಾಳಿ ಆಡುತ್ತಿರುತ್ತದೆ.

ಇನ್ನು ಅಗ್ಗದ ಮಾತು. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಅರಿಶಿನ ಬಣ್ಣದ ಅಗಲವಾದ ಅಕ್ಕಿಶಾವಿಗೆಯ ಮೇಲೆ ಮೀನೋ ಮಾಂಸವೋ ಹಾಕಿ, ಬಟ್ಟಲ ತಳ ನೆನೆಯುವಷ್ಟೇ ಸಾರು ಬಿಟ್ಟು, ಹುರಿದ ಶೇಂಗಾ ಉದುರಿಸಿ, ಮುರಿದ ಅಕ್ಕಿ ಹಪ್ಪಳ ಸಿಕ್ಕಿಸಿ ಕೊಡುವ ‘ಮೀ ಕ್ವಾಂಗ್’ ಈ ಸೀಮೆಯ ಹೆಮ್ಮೆಯ ತಿಂಡಿ. ಬೀದಿಬದಿಯಲ್ಲಿ ಒಂದು ಬಟ್ಟಲಿಗೆ 35,000 ಡಾಂಗ್ ಆಸುಪಾಸು, ಅಂದರೆ 115 ರೂಪಾಯಿ. ಮೀ ಖೆ ಹತ್ತಿರ ಒಂದು ಮಲಗುವ ಕೋಣೆಯ ಫ್ಲಾಟಿಗೆ ತಿಂಗಳಿಗೆ 80 ಲಕ್ಷ ಡಾಂಗ್‌ನಿಂದ ಮೇಲಕ್ಕೆ, ಅಂದರೆ 27,000 ರೂಪಾಯಿಯಿಂದ ಶುರು. ಬೆಂಗಳೂರಿನ ಇಂದಿರಾನಗರದಲ್ಲಿ ಬಾಡಿಗೆ ಕಟ್ಟುವವರಿಗೆ ಇದು ಹಬ್ಬ.

ಆದರೆ ಅಗ್ಗವೆಂಬುದು ಯಾವಾಗಲೂ ಇನ್ನೊಬ್ಬರ ಸಂಬಳ. ವಿಯೆಟ್ನಾಂ ತನ್ನ ಊರುಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಕನಿಷ್ಠ ಕೂಲಿ ಗೊತ್ತುಮಾಡುತ್ತದೆ. 2024ರ ಜುಲೈನಲ್ಲಿ ಡಾ ನಾಂಗ್ ಇರುವ ಎರಡನೇ ವಲಯಕ್ಕೆ ನಿಗದಿಯಾದದ್ದು ತಿಂಗಳಿಗೆ 44.1 ಲಕ್ಷ ಡಾಂಗ್. ರೂಪಾಯಿಯಲ್ಲಿ 14,700ರಷ್ಟು. ಆ ಕೂಲಿಯವಳು ಗುಡಿಸಿ ಒರೆಸುವ ಕಡಲ ಬದಿಯ ಫ್ಲಾಟಿನ ಒಂದು ತಿಂಗಳ ಬಾಡಿಗೆ ಅವಳ ಎರಡು ತಿಂಗಳ ಗಳಿಕೆಗೆ ಸಮೀಪ. ಹೋಟೆಲು, ಪ್ರವಾಸ ಬಿಟ್ಟರೆ ಇಲ್ಲಿ ಒಳ್ಳೆಯ ಸಂಬಳದ ಕೆಲಸ ಕಡಿಮೆ. ಎಫ್‌ಪಿಟಿಯಂಥ ಸಾಫ್ಟ್‌ವೇರ್ ಕಂಪನಿಗಳು ದೊಡ್ಡ ಕಚೇರಿ ತೆರೆದಿವೆ ನಿಜ, ಆದರೂ ಓದಿದ ಹುಡುಗ ಹುಡುಗಿಯರು ಇಂದಿಗೂ ಹೋ ಚಿ ಮಿನ್ ನಗರದ ರೈಲು ಹತ್ತುತ್ತಾರೆ. 2020ರ ಜುಲೈನಲ್ಲಿ ಡಾ ನಾಂಗ್‌ನಲ್ಲಿ ಕೋವಿಡ್ ಕಾಣಿಸಿಕೊಂಡು, ಸುಮಾರು 80,000 ಪ್ರವಾಸಿಗಳನ್ನು ವಿಮಾನಗಳಲ್ಲಿ ಸಾಗಹಾಕಿ ಊರಿಗೆ ಬೀಗ ಹಾಕಿದಾಗ, ಒಂದೇ ಕಸುಬನ್ನು ನೆಚ್ಚಿದರೆ ಏನಾಗುತ್ತದೆ ಎಂಬುದು ಮನೆಮನೆಗೆ ಗೊತ್ತಾಯಿತು.

ಆ ಚೊಕ್ಕಟತನ, ಆ ಶಿಸ್ತು ಹೇಗೆ ಬಂತು? 1997ರಲ್ಲಿ ಡಾ ನಾಂಗ್ ಕ್ವಾಂಗ್ ನಾಮ್ ಪ್ರಾಂತ್ಯದಿಂದ ಬೇರೆಯಾಗಿ ಹನೋಯ್‌ನ ನೇರ ಅಧೀನದ ನಗರವಾಯಿತು. ಮುಂದಿನ ಹದಿನೈದು ವರ್ಷ ಅದನ್ನು ಆಳಿದ್ದು ನ್ಗುಯೆನ್ ಬಾ ಥಾನ್ ಎಂಬ, ಕಮ್ಯುನಿಸ್ಟ್ ಪಕ್ಷದ ಗಟ್ಟಿ ನಾಯಕ. ಅವರ ಕಾಲದಲ್ಲಿ ‘ಐದು ಇಲ್ಲ’ ಎಂಬ ಕಾರ್ಯಕ್ರಮ ಬಂತು: ಹಸಿದ ಮನೆ ಇಲ್ಲ, ಅನಕ್ಷರಸ್ಥ ಇಲ್ಲ, ಭಿಕ್ಷುಕ ಇಲ್ಲ, ಬೀದಿಯಲ್ಲಿ ಮಾದಕ ವ್ಯಸನಿ ಇಲ್ಲ, ದರೋಡೆಗಾಗಿ ಕೊಲೆ ಇಲ್ಲ. ಬಳಿಕ ‘ಮೂರು ಇದೆ’ ಸೇರಿತು: ಮನೆ, ಕೆಲಸ, ನಾಗರಿಕ ನಡವಳಿಕೆ. ಕೇಳಲು ಘೋಷಣೆಯಂತಿದ್ದರೂ ಕಾರ್ಯರೂಪಕ್ಕೆ ಬಂದ ಘೋಷಣೆ ಅದು. ಭಿಕ್ಷುಕರನ್ನು ಕಂಡರೆ ತಿಳಿಸಲು ಫೋನ್ ಸಂಖ್ಯೆ ಇತ್ತು. ನದಿಯ ಕಂಬದ ಮನೆಗಳು ಹೋದವು, ಅಲ್ಲಿಯವರಿಗೆ ಸರ್ಕಾರಿ ವಸತಿ ಸಮುಚ್ಚಯ ಸಿಕ್ಕಿತು. ರಸ್ತೆ ಅಗಲವಾಗಲು, ಬಡಾವಣೆ ಏಳಲು ಜಾಗ ಬಿಟ್ಟುಕೊಟ್ಟ ಅಥವಾ ಎದ್ದುಹೋದ ಕುಟುಂಬಗಳ ಲೆಕ್ಕ ಒಂದು ಲಕ್ಷದ ಆಚೀಚೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ರಸ್ತೆಯ ಅಗಲೀಕರಣ ಇಪ್ಪತ್ತು ವರ್ಷ ಕೋರ್ಟಿನಲ್ಲಿ ಕೂರುವುದನ್ನು ಕಂಡವರಿಗೆ ಈ ವೇಗ ಮೋಹಕವಾಗಿ ಕಾಣುತ್ತದೆ. ಕೋರ್ಟಿಗೆ ಹೋಗುವ ದಾರಿಯೇ ಕಿರಿದಾಗಿದ್ದರಿಂದ ಆ ವೇಗ ಸಾಧ್ಯವಾಯಿತು ಎಂಬುದು ಆಮೇಲೆ ಹೊಳೆಯುತ್ತದೆ.

ನೆಲ ಇಡೀ ಜನತೆಯದು, ನಿರ್ವಹಣೆ ಸರ್ಕಾರದ್ದು ಎಂಬುದು ಅಲ್ಲಿನ ಕಾನೂನು. ಜನರ ಹತ್ತಿರ ಇರುವುದು ಬಳಕೆಯ ಹಕ್ಕು ಮಾತ್ರ. ಅದೇ ಅಧಿಕಾರ ಸೇತುವೆಯನ್ನೂ ಕಟ್ಟಿತು, ದಕ್ಷಿಣದ ತೀರವನ್ನು ರೆಸಾರ್ಟುಗಳಿಗೂ ಹಂಚಿತು. ಹೋಯ್ ಆನ್ ಕಡೆಗೆ ಹೋಗುವ ರಸ್ತೆಯಲ್ಲಿ ಕಿಲೋಮೀಟರುಗಟ್ಟಲೆ ಗೋಡೆಯೇ ಕಾಣುತ್ತದೆ, ಕಡಲು ಕಾಣದು. ಬೆಸ್ತರು ತಮ್ಮ ದೋಣಿಗೆ ಹೋಗಲು ದಾರಿ ಹುಡುಕಬೇಕಾಯಿತು. ಜನ ಗೊಣಗಿ, ಪತ್ರಿಕೆಗಳು ಬರೆದ ಮೇಲೆ ನಗರಾಡಳಿತ ಗೋಡೆಗಳ ನಡುವೆ ದಾರಿ ಬಿಡಿಸಲು ಓಡಾಡಿತು. 2017ರಲ್ಲಿ ಸೊನ್ ಟ್ರಾ ಗುಡ್ಡದ ಇಳಿಜಾರಿನಲ್ಲಿ ಅನುಮತಿ ಇಲ್ಲದೆ ಹಾಕಿದ್ದ 40 ವಿಲ್ಲಾಗಳ ಅಡಿಪಾಯ ಬಯಲಾದಾಗ ಊರವರು ಎದ್ದುನಿಂತರು, ಕೆಲಸ ನಿಂತಿತು. ಮೂರು ವರ್ಷಗಳ ಬಳಿಕ, 2020ರ ಜನವರಿಯಲ್ಲಿ, ಸಾರ್ವಜನಿಕ ನೆಲ, ಕಟ್ಟಡಗಳನ್ನು ಉದ್ಯಮಿಯೊಬ್ಬನಿಗೆ ತೀರಾ ಕಡಿಮೆ ಬೆಲೆಗೆ ಬಿಟ್ಟುಕೊಟ್ಟ ಪ್ರಕರಣದಲ್ಲಿ ನಗರದ ಇಬ್ಬರು ಮಾಜಿ ಅಧ್ಯಕ್ಷರಿಗೆ ಹನೋಯ್ ನ್ಯಾಯಾಲಯ 17 ಮತ್ತು 12 ವರ್ಷಗಳ ಸೆರೆ ವಿಧಿಸಿತು. ಹೊಳೆಯುವ ನಗರ ಕಟ್ಟಿದ್ದೂ, ಅದರ ಒಂದಿಷ್ಟು ತುಂಡುಗಳನ್ನು ಕದ್ದು ಮಾರಿದ್ದೂ ಒಂದೇ ಕಚೇರಿ.

ಶಿಸ್ತಿನ ಬೆಲೆ ದಿನನಿತ್ಯದಲ್ಲೂ ಕಾಣುತ್ತದೆ. 2007ರ ಡಿಸೆಂಬರಿನಲ್ಲಿ ಒಂದು ದಿನ ಬೆಳಗಾಗುವಷ್ಟರಲ್ಲಿ ಇಡೀ ದೇಶ ಹೆಲ್ಮೆಟ್ ಹಾಕಿಕೊಂಡಿತ್ತು, ಅದು ಅದ್ಭುತವೇ. 2025ರ ಜನವರಿಯಿಂದ ಕೆಂಪು ದೀಪ ದಾಟಿದ ಸ್ಕೂಟರಿಗೆ ದಂಡ 40ರಿಂದ 60 ಲಕ್ಷ ಡಾಂಗ್. ಅದಕ್ಕೂ ಮೊದಲು 8ರಿಂದ 10 ಲಕ್ಷವಿತ್ತು. ಪರದೇಶಿ ಪ್ರೋಗ್ರಾಮರನಿಗೆ ಅದು ಒಂದು ವಾರಾಂತ್ಯದ ಖರ್ಚು. ಆ ಫ್ಲಾಟು ಗುಡಿಸುವವಳಿಗೆ ಒಂದು ತಿಂಗಳ ಕೂಲಿ. ಎಲ್ಲರಿಗೂ ಒಂದೇ ದಂಡ, ಸರಿ. ರಸ್ತೆ ಸುರಕ್ಷಿತವಾದರೆ ಲಾಭವೂ ಎಲ್ಲರಿಗೂ. ಆದರೂ ಯಾರು ಎಷ್ಟು ಕೊಟ್ಟು ಆ ಸುರಕ್ಷತೆ ಕೊಂಡರು ಎಂದು ಕೇಳಬಾರದೇಕೆ?

ಕೇಳುವುದರ ಬಗ್ಗೆಯೇ ಒಂದು ಪ್ರಸಂಗವಿದೆ. 2021ರಲ್ಲಿ ಅಂದಿನ ಸಾರ್ವಜನಿಕ ಭದ್ರತಾ ಸಚಿವ ತೊ ಲಾಮ್ ಲಂಡನ್ನಿನ ಪ್ರಸಿದ್ಧ ಹೋಟೆಲೊಂದರಲ್ಲಿ ಚಿನ್ನದ ತಗಡು ಹೊದಿಸಿದ ಮಾಂಸ ತಿನ್ನುವ ವಿಡಿಯೊ ಹರಿದಾಡಿತು. ಡಾ ನಾಂಗ್‌ನ ಒಬ್ಬ ಶಾವಿಗೆ ಅಂಗಡಿಯವ ಆ ಹೋಟೆಲಿನ ಬಾಣಸಿಗ ಉಪ್ಪು ಉದುರಿಸುವ ಭಂಗಿಯಲ್ಲೇ ತನ್ನ ಬಟ್ಟಲಿಗೆ ಈರುಳ್ಳಿ ಸೊಪ್ಪು ಉದುರಿಸಿ ವಿಡಿಯೊ ಮಾಡಿದ. ದೇಶವೇ ನಕ್ಕಿತು. ಮರುವರ್ಷ ಅವನ ಬಂಧನವಾಯಿತು. 2023ರ ಮೇ ತಿಂಗಳಲ್ಲಿ ‘ಪ್ರಭುತ್ವದ ವಿರುದ್ಧ ಪ್ರಚಾರ’ದ ಆರೋಪದ ಮೇಲೆ ಐದೂವರೆ ವರ್ಷ ಸೆರೆಯಾಯಿತು. ಕಾಗದದ ಮೇಲೆ ಆರೋಪವಿದ್ದದ್ದು ಅವನ ಇತರ ಬರಹಗಳ ಮೇಲೆ. ಈರುಳ್ಳಿ ಸೊಪ್ಪಿನ ಹೆಸರು ಅದರಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ. ಅಂದಿನ ಸಚಿವರು 2024ರಿಂದ ಪಕ್ಷದ ಪ್ರಧಾನ ಕಾರ್ಯದರ್ಶಿ. ಕಡಲ ಬದಿಯ ಕೆಫೆಯಲ್ಲಿ ಕೂತ ಪರದೇಶಿಗೆ ಇದು ತಟ್ಟುವುದಿಲ್ಲ. ಅವನು ತನ್ನ ದೇಶದ ಸರ್ಕಾರವನ್ನು ಅಲ್ಲಿಂದಲೇ ದಿನವಿಡೀ ಬೈಯಬಹುದು.

ಪರದೇಶಿಗೆ ತಟ್ಟುವುದು ಬೇರೆ. 2023ರ ಆಗಸ್ಟ್‌ನಿಂದ ಎಲ್ಲ ದೇಶದವರಿಗೂ 90 ದಿನಗಳ ಇ-ವೀಸಾ ಸುಲಭವಾಗಿ ಸಿಗುತ್ತದೆ. ಅದು ಮುಗಿದ ಮೇಲೆ ಬಸ್ಸು ಹತ್ತಿ ಲಾವೋಸ್ ಗಡಿಯ ಲಾವ್ ಬಾವ್‌ಗೆ ಹೋಗಿ ಬರುವುದು ಅಲ್ಲಿನ ಬಾಡಿಗೆದಾರರಿಗೆ ರೂಢಿಯಾಗಿದೆ. ನಿವೃತ್ತರಿಗೆಂದು ಪ್ರತ್ಯೇಕ ವೀಸಾ ಇಲ್ಲ. ಕೆಲಸದ ಪರವಾನಗಿ, ಹೂಡಿಕೆ, ಇಲ್ಲವೇ ಮದುವೆ: ದೀರ್ಘಕಾಲದ ಬಾಗಿಲು ಈ ಮೂರೇ ಎನ್ನಬಹುದು. ವರ್ಷದಲ್ಲಿ 183 ದಿನ ದಾಟಿದರೆ ತೆರಿಗೆ ಕಾನೂನಿನ ಪ್ರಕಾರ ನಿವಾಸಿ. ಜಗತ್ತಿನ ಎಲ್ಲಿಯ ಆದಾಯಕ್ಕೂ ತೆರಿಗೆ, ಗರಿಷ್ಠ ದರ ಶೇ 35. ಫ್ಲಾಟು ಕೊಳ್ಳಬಹುದು, ಆದರೆ 50 ವರ್ಷಕ್ಕೆ, ಅದೂ ಒಂದು ಕಟ್ಟಡದ ಶೇ 30ರಷ್ಟು ಮನೆಗಳನ್ನು ಮೀರದಂತೆ. ನಾಲ್ಕು ವರ್ಷ ತಂಗುವವನಿಗೆ ಇವು ಕಿರಿಕಿರಿ ಮಾತ್ರ. ಅರವತ್ತರ ದಂಪತಿ ಇಲ್ಲೇ ಕೊನೆಗಾಲ ಕಳೆಯುತ್ತೇವೆಂದು ಹೊರಟರೆ ಪ್ರತಿ ಮೂರು ತಿಂಗಳಿಗೂ ಅವರ ಮನೆ ಮನೆಯಾಗಿರುವುದಿಲ್ಲ. ಸಣ್ಣಪುಟ್ಟ ಕಾಯಿಲೆಗೆ ಊರಿನಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ. ಕಠಿಣ ಶಸ್ತ್ರಚಿಕಿತ್ಸೆಗೆ ಹೋ ಚಿ ಮಿನ್ ನಗರಕ್ಕೋ ಬ್ಯಾಂಕಾಕಿಗೋ ಹೊರಡುವವರೇ ಹೆಚ್ಚು.

ಭಾರತದವರಿಗೆ ಈ ಊರು ತೀರಾ ಅನ್ಯವೂ ಅಲ್ಲ. ಒಂದು ಕಾಲದಲ್ಲಿ ಇದು ಚಂಪಾ ರಾಜ್ಯದ ನೆಲ. 1919ರಲ್ಲಿ ತೆರೆದ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿ ಶಿವ, ಗಣೇಶ, ನರ್ತಿಸುವ ಅಪ್ಸರೆಯರನ್ನು ನೋಡುವ ಕನ್ನಡಿಗ ಬಾದಾಮಿ, ಪಟ್ಟದಕಲ್ಲಿನ ನೆಂಟರನ್ನು ಕಂಡಂತೆ ತಬ್ಬಿಬ್ಬಾಗುತ್ತಾನೆ. ಹತ್ತಿರದ ಮೀ ಸೊನ್ ದೇಗುಲಗಳನ್ನು ದುರಸ್ತಿ ಮಾಡುವಾಗ 2020ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯವರಿಗೆ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ಶಾಕಾಹಾರಿಗಳಿಗೂ ದಾರಿಯಿದೆ: ಬೌದ್ಧ ಪದ್ಧತಿಯಂತೆ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕದ ದಿನಗಳಲ್ಲಿ ಊರಿನ ಬಹಳ ಜನ ಮಾಂಸ ಬಿಡುತ್ತಾರೆ, ‘ಚಾಯ್’ ಎಂಬ ಫಲಕವಿರುವ ಅಂಗಡಿಗಳು ವರ್ಷವಿಡೀ ಇರುತ್ತವೆ. ಉಳಿದೆಡೆ ಮೀನಿನ ರಸ ಯಾವುದರಲ್ಲಿದೆ, ಯಾವುದರಲ್ಲಿಲ್ಲ ಎಂದು ಕೇಳಿ ತಿಳಿಯಲು ಭಾಷೆ ಬೇಕು, ಆ ಭಾಷೆಯ ಸ್ವರಗಳ ಏರಿಳಿತ ವಯಸ್ಕ ನಾಲಗೆಗೆ ಬೇಗ ಒಲಿಯದು. (ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ಮನೆಯಿಂದ ಹೋದವರು ಅಲ್ಲಿನ ಗಟ್ಟಿ ರೊಬಸ್ಟಾ ಕಾಫಿಯನ್ನು ಹೊಗಳಿ ಊರಿಗೆ ಫೋನ್ ಮಾಡದಿರುವುದು ಒಳ್ಳೆಯದು. ಕಾಫಿ, ಮೆಣಸಿನ ಬೆಲೆಯ ವಿಷಯದಲ್ಲಿ ವಿಯೆಟ್ನಾಂ ಹೆಸರು ಅಲ್ಲಿ ಅಷ್ಟು ಪ್ರಿಯವಲ್ಲ.)

ಕಡಲಿಗೆ ಮರಳೋಣ. ಫೆಬ್ರುವರಿಯಿಂದ ಆಗಸ್ಟ್‌ವರೆಗೆ ಮೀ ಖೆ ಚಿತ್ರಪಟದಂತಿರುತ್ತದೆ. ಅಕ್ಟೋಬರ್, ನವೆಂಬರಿನ ಡಾ ನಾಂಗ್ ಬೇರೆಯೇ ಊರು. ಬಿರುಗಾಳಿ ಆ ತಿಂಗಳುಗಳಿಗೇ ಕಾಯುವುದೂ ಇಲ್ಲ: 2006ರ ಮೇ ತಿಂಗಳಲ್ಲಿ ಚಾಂಚು ಚಂಡಮಾರುತ ದೂರದ ಕಡಲಲ್ಲಿ ಹಠಾತ್ತನೆ ದಿಕ್ಕು ಬದಲಿಸಿ, ಈ ಸೀಮೆಯ ಇನ್ನೂರಕ್ಕೂ ಹೆಚ್ಚು ಬೆಸ್ತರು ಮರಳಲಿಲ್ಲ. ಅದೇ ವರ್ಷ ಅಕ್ಟೋಬರ್ 1ರಂದು ಕ್ಸಾಂಗ್‌ಸೇನ್ ನೇರ ಊರಿನ ಮೇಲೆಯೇ ಬಂತು, ಸಾವಿರಾರು ಮನೆಗಳ ಸೂರು ಹಾರಿತು. 2022ರ ಅಕ್ಟೋಬರ್ 14ರ ಸಂಜೆಯಿಂದ ರಾತ್ರಿಯವರೆಗೆ ಸುರಿದ ಮಳೆ ನಗರವನ್ನೇ ಮುಳುಗಿಸಿತು. ಹೋವಾ ಖಾನ್ ಬಡಾವಣೆಯ ಮೆ ಸುವೊಟ್ ಬೀದಿಯಲ್ಲಿ ನೀರು ತಲೆಯೆತ್ತರ ಮುಟ್ಟಿ, ಜನ ಅಟ್ಟ ಹತ್ತಿ ಕೂತರು. ಆ ಬೀದಿಯವರು ಮಳೆಗಾಲ ಬಂದರೆ ಫ್ರಿಜ್, ಸ್ಕೂಟರ್ ಮೇಲಕ್ಕೆತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಕಡಲ ಬದಿಯ ಹದಿನೆಂಟನೇ ಮಹಡಿಯ ಬಾಡಿಗೆದಾರನಿಗೆ ಅಂಥ ದಿನ ವಿದ್ಯುತ್ ಹೋದದ್ದೇ ದೊಡ್ಡ ಸುದ್ದಿ.

ಬೆಸ್ತರಿಗೆ ಗಾಳಿಯೊಂದೇ ಶತ್ರುವಲ್ಲ. ಸರ್ಕಾರಿ ದಾಖಲೆಯಲ್ಲಿ ಪ್ಯಾರಾಸೆಲ್ ದ್ವೀಪಗಳು ಡಾ ನಾಂಗ್‌ಗೆ ಸೇರಿವೆ; 1974ರಿಂದ ಅವು ಚೀನಾದ ವಶದಲ್ಲಿವೆ. 2014ರ ಮೇ ತಿಂಗಳಲ್ಲಿ ಆ ನೀರಿನಲ್ಲಿ ಡಾ ನಾಂಗ್‌ನ ಮೀನುಗಾರಿಕಾ ದೋಣಿಯೊಂದನ್ನು ಚೀನಾದ ಹಡಗು ಗುದ್ದಿ ಮುಳುಗಿಸಿತು, ಹತ್ತು ಮಂದಿಯನ್ನು ಉಳಿದ ದೋಣಿಗಳು ಕಾಪಾಡಿದವು. ಯುದ್ಧದ ಹಳೇ ಋಣ ಮಾತ್ರ ಕೊಂಚ ತೀರಿದೆ: ಏಜೆಂಟ್ ಆರೆಂಜ್ ಪೀಪಾಯಿಗಳಿಂದ ಸೋರಿದ ಡಯಾಕ್ಸಿನ್ ಹೀರಿದ್ದ ವಿಮಾನ ನಿಲ್ದಾಣದ ಸುಮಾರು 90,000 ಘನ ಮೀಟರ್ ಮಣ್ಣನ್ನು ಕಾಯಿಸಿ ಶುದ್ಧಗೊಳಿಸುವ ಕೆಲಸ 2018ರಲ್ಲಿ ಮುಗಿಯಿತು.

ಇಷ್ಟೆಲ್ಲ ನೋಡಿ ತೀರ್ಮಾನ ಕೊಡಬೇಕೆಂದರೆ, ಬೇರೆಲ್ಲೋ ಗಳಿಸುವ ಮೂವತ್ತರ ಒಂಟಿಗನಿಗೆ ಡಾ ನಾಂಗ್‌ನಷ್ಟು ಒಳ್ಳೆಯ ಎರಡು ವರ್ಷ ಕೊಡುವ ಕಡಲೂರು ಏಷ್ಯಾದಲ್ಲಿ ಕಡಿಮೆ. ಬೇರು ಬಿಡಬೇಕೆನ್ನುವವನಿಗೆ ಅದು ಸಲ್ಲದು. ಊರವರಿಗೆ ಅದು ಅವರ ಅಪ್ಪಂದಿರ ಕಾಲಕ್ಕಿಂತ ಸ್ಪಷ್ಟವಾಗಿ ಮೇಲು, ಆದರೆ ಆ ಮೇಲ್ಮೆಯ ಬಾಕಿ ಕಂತುಗಳು ಇನ್ನೂ ಅವರ ತಲೆಯ ಮೇಲಿವೆ.

ಮುಂದಿನ ಕಂತು ಬಹುಶಃ ನಲ್ಲಿಯಲ್ಲಿದೆ. ಡಾ ನಾಂಗ್ ಕುಡಿಯುವುದು ವು ಜಾ ನದಿಯ ನೀರು. ಮೇಲ್ಗಡೆ, ಕ್ವಾಂಗ್ ನಾಮ್ ಬೆಟ್ಟಗಳಲ್ಲಿ, ಡಾಕ್ ಮಿ 4 ಜಲವಿದ್ಯುತ್ ಯೋಜನೆ ಆ ನೀರನ್ನು ಪಕ್ಕದ ಥು ಬೋನ್ ನದಿಗೆ ತಿರುಗಿಸುತ್ತದೆ. ಬೇಸಿಗೆಯಲ್ಲಿ ವು ಜಾ ಬಡವಾದಾಗ ಕಡಲು ಒಳಗೆ ನುಗ್ಗಿ, ಕಾವ್ ಡೊ ಪಂಪಿನ ಬಳಿ ನೀರು ಉಪ್ಪಾಗುತ್ತದೆ. 2018, 2019ರಲ್ಲಿ ಬಡಾವಣೆಗಳು ದಿನಗಟ್ಟಲೆ ಕೊಡ ಹಿಡಿದು ನಿಂತವು. ಅಣೆಕಟ್ಟು, ಮರಳು ದಂಧೆಗಳಿಂದ ನದಿ ತರುವ ಹೂಳು ಕಡಿಮೆಯಾಗಿ ಹೋಯ್ ಆನ್‌ನ ಕುವಾ ದಾಯ್ ತೀರವೂ 2014ರ ಸುಮಾರಿನಿಂದ ಕರಗುತ್ತ ಬಂದಿದೆ. ಇಷ್ಟು ವರ್ಷ ಎರಡೂ ಆಡಳಿತಗಳು ಈ ನೀರಿಗಾಗಿ ಪತ್ರಗಳಲ್ಲಿ ಜಗಳವಾಡಿದವು. 2025ರ ಜುಲೈ 1ರಂದು 63 ಪ್ರಾಂತ್ಯಗಳನ್ನು 34ಕ್ಕೆ ಇಳಿಸಿದಾಗ ಕ್ವಾಂಗ್ ನಾಮ್ ಮತ್ತೆ ಡಾ ನಾಂಗ್ ಜತೆ ಸೇರಿತು. ಅಣೆಕಟ್ಟಿನ ಊರೂ ನಲ್ಲಿಯ ಊರೂ ಈಗ ಒಂದೇ ಆಡಳಿತದ ಕೆಳಗಿವೆ. ಜಲಾಶಯಗಳಿಂದ ಯಾವ ತಿಂಗಳು ಎಷ್ಟು ನೀರು ಬಿಡಬೇಕೆಂಬ ನಿಯಮಕ್ಕೆ ಮಾತ್ರ ಸಹಿ ಬೀಳುವುದು ಹನೋಯ್‌ನಲ್ಲಿ.